ನೀರಿಗಾಗಿ ಕಾಯುವ ಬೀಜ

ಮೇಜಿನ ಮೇಲೆ ಎರಡು ಲೋಟ ಇಟ್ಟಿದ್ದೇನೆ. ಎರಡರಲ್ಲೂ ಅರ್ಧ ಲೋಟ ನೀರಿದೆ. ಒಂದಕ್ಕೆ ಒಂದು ದೊಡ್ಡ ಚಮಚ ಗೋಧಿ ಬೂಸಾ ಹಾಕುತ್ತೇನೆ. ಇನ್ನೊಂದಕ್ಕೆ ಅಷ್ಟೇ ಇಸಬ್ಗೋಲ್. ಎರಡನ್ನೂ ಕಲಸಿ ಹಾಗೇ ಬಿಡುತ್ತೇನೆ. ಮುಂದಿನ ಸಾಲಿನವರು ನನ್ನ ಮಾತು ಕೇಳುತ್ತಲೇ ಆಗಾಗ ಈ ಲೋಟಗಳ ಕಡೆಗೂ ನೋಡ್ತಾ ಇರಿ. ಕೊನೆಗೆ ಏನಾಯ್ತು ಅಂತ ನೀವೇ ಹೇಳಬೇಕು.

ನಾನು ದಾವಣಗೆರೆಯಲ್ಲಿ 28 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ತಲೆನೋವಿನ ಮಾತ್ರೆ ಬೇಕಾದವರು ಬೈಕಿನಿಂದ ಇಳಿಯದೆಯೇ ಕೂಗಿ ಕೇಳುತ್ತಾರೆ. ಇಸಬ್ಗೋಲ್ ಬೇಕಾದವರು ಹಾಗಲ್ಲ. ಅಂಗಡಿಯಲ್ಲಿ ಬೇರೆಯವರಿದ್ದರೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ. ಅವರೆಲ್ಲ ಹೋದ ಮೇಲೆ ಹತ್ತಿರ ಬಂದು, 'ಹೊಟ್ಟೆ ಸರಿಯಾಗಿ ಸಾಫ್ ಆಗ್ತಿಲ್ಲ, ಆ ಬಿಳಿ ಹೊಟ್ಟು ಇದೆಯಲ್ಲ, ಅದೊಂದು ಕೊಡಿ' ಅನ್ನುತ್ತಾರೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ? ಹಸಿವು, ನಿದ್ದೆ ಇದ್ದ ಹಾಗೇ ಇದೂ ಒಂದು. ಆದರೆ ನಾಚಿಕೆಯಿಂದ ಒಂದು ತೊಂದರೆ ಆಗುತ್ತದೆ. ಬೇಗ ತೆಗೆದುಕೊಂಡು ಹೊರಟುಬಿಡುತ್ತಾರೆ. ಹೇಗೆ ತಗೋಬೇಕು ಅಂತ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ. ಆ ಹೇಳದೇ ಉಳಿದ ಮಾತಿಗಾಗಿಯೇ ನಾನು ಇವತ್ತು ಇಲ್ಲಿ ಬಂದಿರುವುದು.

ಮೊದಲು ಬೀಜ ನೋಡಿ. ಈ ತಟ್ಟೆ ಕೈಯಿಂದ ಕೈಗೆ ಹೋಗಲಿ. ನಾವೆಲ್ಲ ನೋಡಿರುವುದು ಪ್ಯಾಕೆಟ್ಟಿನ ಬಿಳಿ ಹೊಟ್ಟನ್ನು ಮಾತ್ರ. ಬೀಜ ನೋಡಿದವರು ಕಡಿಮೆ. ತುಂಬಾ ಚಿಕ್ಕದು, 2ರಿಂದ 3 ಮಿಲಿಮೀಟರ್ ಉದ್ದ. ಸಾವಿರ ಬೀಜ ಎಣಿಸಿ ತೂಗಿದರೂ 2 ಗ್ರಾಂ ಆಗುವುದಿಲ್ಲ. ಒಂದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಪುಟ್ಟ ದೋಣಿಯ ಹಾಗೆ. ಪರ್ಷಿಯನ್ನರಿಗೆ ಅದು ಕುದುರೆಯ ಕಿವಿಯ ಹಾಗೆ ಕಂಡಿತು. ಅವರ ಮಾತಿನಲ್ಲಿ 'ಅಸ್ಪ್' ಅಂದರೆ ಕುದುರೆ, 'ಗೋಲ್' ಅಂದರೆ ಕಿವಿ. ಅದೇ ಇಸಬ್ಗೋಲ್ ಆಯಿತು. ಗ್ರೀಕರಿಗೆ ಇಂಥದ್ದೇ ಬೀಜ ಚಿಗಟದ ಹಾಗೆ ಕಂಡಿತು. ಚಿಗಟಕ್ಕೆ ಅವರು 'ಸಿಲ್ಲಾ' ಅನ್ನುತ್ತಿದ್ದರು. ಇಂಗ್ಲಿಷಿನ 'ಸಿಲಿಯಂ' ಬಂದದ್ದು ಅಲ್ಲಿಂದ. ಔಷಧಿ ಡಬ್ಬಿಯ ಮೇಲೆ ಸಿಲಿಯಂ ಹಸ್ಕ್ ಅಂತ ಕಂಡರೆ ಬೇರೆ ಏನೋ ಅಂದುಕೊಳ್ಳಬೇಡಿ. ಅದು ಇದೇ ಬೀಜದ ಸಿಪ್ಪೆ. ಸಸ್ಯಶಾಸ್ತ್ರದವರು ಈ ಗಿಡಕ್ಕೆ ಇಟ್ಟ ಹೆಸರು ಪ್ಲಾಂಟಾಗೋ ಓವಾಟಾ.

ನಮ್ಮ ಕಡೆ ಇದನ್ನು ಬೆಳೆಯುವುದು ಕಾಣಸಿಗುವುದಿಲ್ಲ. ಇದರ ಊರು ಉತ್ತರ ಗುಜರಾತ್, ಪಶ್ಚಿಮ ರಾಜಸ್ಥಾನ, ಮಧ್ಯಪ್ರದೇಶದ ನೀಮಚ್, ಮಂದಸೌರ್ ಸುತ್ತಮುತ್ತ. ಇಡೀ ಜಗತ್ತಿಗೆ ಬೇಕಾದ ಇಸಬ್ಗೋಲಿನ ಬಹುಪಾಲು ಹೋಗುವುದು ನಮ್ಮ ದೇಶದಿಂದಲೇ. ವ್ಯಾಪಾರದ ದೊಡ್ಡ ಪೇಟೆ ಗುಜರಾತಿನ ಊಂಝಾ. ಜೀರಿಗೆಗೂ ಅದೇ ಹೆಸರುವಾಸಿ ಪೇಟೆ. ಪಕ್ಕದ ಸಿದ್ಧಪುರದಲ್ಲಿ ಸಿಪ್ಪೆ ಬಿಡಿಸುವ ಗಿರಣಿಗಳಿವೆ.

ವರ್ಷಾನುಗಟ್ಟಲೆ ಮಾರಿದ್ದೇನೆ, ಗಿಡ ಹೇಗಿರುತ್ತೆ ಅಂತ ಗೊತ್ತಿಲ್ಲ ಅನ್ನುವುದು ನನಗೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಆ ಕಡೆ ಹೋಗಿ ಬಂದೆ. ಮರಳು ಮಿಶ್ರಿತ ಹೊಲ. ಗಿಡ ಮೊಣಕಾಲಿನ ಎತ್ತರವೂ ಇಲ್ಲ. ಎಲೆ ಹುಲ್ಲಿನ ಹಾಗೆ ಸಣ್ಣಗೆ. ತುದಿಯಲ್ಲಿ ಗೋಧಿ ತೆನೆಯ ಮರಿಯಂಥ ಪುಟ್ಟ ಪುಟ್ಟ ತೆನೆ. ಹಿಂಗಾರಿನ ಬೆಳೆ ಇದು. ನವೆಂಬರ್ ಹೊತ್ತಿಗೆ ಬಿತ್ತಿ, ನಾಲ್ಕು ತಿಂಗಳಿಗೆ ಕೊಯ್ಲು. ಬೆಳಿಗ್ಗೆ ಹೊತ್ತಲ್ಲೇ ಕೊಯ್ಯುತ್ತಾರೆ. ಬಿಸಿಲೇರಿದರೆ ತೆನೆ ಒಣಗಿ ಗರಿಗರಿಯಾಗಿ, ಕೈ ತಾಗಿದರೆ ಸಾಕು, ಬೀಜ ಉದುರುತ್ತದೆ.

ಅಲ್ಲಿನ ರೈತರೊಬ್ಬರು ಮಾತಾಡುವಾಗೆಲ್ಲ ಆಕಾಶ ನೋಡುತ್ತಿದ್ದರು. ಮೋಡ ಇರಲಿಲ್ಲ, ಆದರೂ ನೋಡುತ್ತಿದ್ದರು. ಯಾಕೆ ಅಂತ ಕೇಳಿದೆ. ಒಂದು ಒಣ ತೆನೆ ಕಿತ್ತು ನನ್ನ ಅಂಗೈ ಮೇಲೆ ಉಜ್ಜಿ ಬೀಜ ಉದುರಿಸಿದರು. ತಮ್ಮ ಬಾಟಲಿಯಿಂದ ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟರು. 'ನೋಡ್ತಾ ಇರಿ' ಅಂದರು. ಸ್ವಲ್ಪ ಹೊತ್ತಿಗೆ ಪ್ರತಿ ಬೀಜದ ಸುತ್ತ ಒಂದು ತೆಳು ಲೋಳೆಯ ಉಂಗುರ. ಬೀಜ ಅಂಗೈಗೆ ಅಂಟಿಕೊಂಡಿತು. ಕೈ ಮಗುಚಿದರೂ ಬೀಳಲಿಲ್ಲ. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಂದರೆ ಇಡೀ ಹೊಲದಲ್ಲಿ ನಡೆಯುವುದು ಇದೇ. ಸಿಪ್ಪೆ ಅಲ್ಲೇ, ತೆನೆಯಲ್ಲೇ ನೀರು ಕುಡಿದು ಉಬ್ಬುತ್ತದೆ. ಬೀಜ ಉದುರಿ ಮಣ್ಣಿಗೆ ಅಂಟುತ್ತದೆ. ಉಳಿದದ್ದಕ್ಕೂ ಬೆಲೆ ಇರುವುದಿಲ್ಲ. ನಾಲ್ಕು ತಿಂಗಳ ದುಡಿಮೆ ಒಂದು ರಾತ್ರಿಯ ಮಳೆಗೆ ಹೋಗುತ್ತದೆ. ಜೋರು ಇಬ್ಬನಿಯೂ ಕೆಡುಕೇ.

ಆವತ್ತು ಅಂಗೈ ಮೇಲೆ ಆ ಲೋಳೆ ನೋಡುವಾಗ ನನಗೆ ಒಂದು ಹೊಳೆಯಿತು. ಈ ಸಿಪ್ಪೆ ಇರುವುದು ನಮ್ಮ ಹೊಟ್ಟೆಗಾಗಿ ಅಲ್ಲ. ಒಣ ನಾಡಿನ ಗಿಡ ತನ್ನ ಮರಿಗೆ ಕಟ್ಟಿಕೊಟ್ಟ ನೀರಿನ ಬುತ್ತಿ ಅದು. ಮರಳು ನೆಲದಲ್ಲಿ ಬಿದ್ದ ಮಳೆ ಬೇಗ ಇಂಗಿಹೋಗುತ್ತದೆ. ಅಷ್ಟರಲ್ಲಿ ಬೀಜ ತನ್ನ ಸುತ್ತ ಒಂದಿಷ್ಟು ನೀರು ಹಿಡಿದಿಟ್ಟುಕೊಳ್ಳಬೇಕು, ಗಾಳಿಗೆ ಹಾರದೆ ಮಣ್ಣಿಗೆ ಅಂಟಿಕೊಳ್ಳಬೇಕು, ಮೊಳೆಯಬೇಕು. ನಾವು ಆ ಬುತ್ತಿಯನ್ನಷ್ಟೇ ಬಿಡಿಸಿಕೊಂಡು ಬಂದಿದ್ದೇವೆ. ಇನ್ನು ಮುಂದೆ ನಾನು ಹೇಳುವುದೆಲ್ಲ ಇದೇ ಒಂದು ಗುಣದ ಮೇಲೆ ನಿಂತಿದೆ: ಈ ಸಿಪ್ಪೆ ನೀರು ಎಲ್ಲಿ ಸಿಕ್ಕರೂ ಹಿಡಿಯುತ್ತದೆ, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ.

ಗಿರಣಿಯ ಬಗ್ಗೆ ಎರಡು ಮಾತು. ಬೀಜವನ್ನು ಜರಡಿ ಹಿಡಿದು, ತೂರಿ, ಕಸಕಡ್ಡಿ ತೆಗೆದು ಬೀಸುವ ಕಲ್ಲುಗಳ ನಡುವೆ ಬಿಡುತ್ತಾರೆ. ಕಲ್ಲುಗಳ ನಡುವೆ ಸ್ವಲ್ಪ ಜಾಗ ಇರುತ್ತದೆ. ಬೀಜ ಹಿಟ್ಟಾಗಬಾರದು, ಮೇಲಿನ ಪದರ ಮಾತ್ರ ಬಿಡಬೇಕು. ಗಾಳಿ ಊದಿ ಆ ಹಗುರ ಸಿಪ್ಪೆಯನ್ನು ಬೇರೆ ಮಾಡುತ್ತಾರೆ. 100 ಕಿಲೋ ಬೀಜದಿಂದ ಸುಮಾರು 25 ಕಿಲೋ ಸಿಪ್ಪೆ. ಉಳಿದ ಕೆಂಪು ಬೀಜ ದನಕರುಗಳ ಮೇವಿಗೆ ಹೋಗುತ್ತದೆ. ಆ ಪುಡಿ ಮೂಗಿಗೆ ಹೋಗಿ ಹೋಗಿ ಕೆಲವು ಕೆಲಸಗಾರರಿಗೆ ಉಬ್ಬಸ, ಅಲರ್ಜಿ ಬರುತ್ತದೆ. ರೋಗಿಗಳಿಗೆ ದಿನಾ ಕಲಸಿಕೊಡುವ ನರ್ಸುಗಳಲ್ಲೂ ಇದು ಕಂಡಿದೆ. ಹಾಗಾಗಿ ಮನೆಯಲ್ಲೂ ಡಬ್ಬಿಯಿಂದ ಡಬ್ಬಿಗೆ ಸುರಿಯುವಾಗ ಮುಖ ಸ್ವಲ್ಪ ದೂರ ಇಟ್ಟುಕೊಳ್ಳಿ.

ಈಗ ಹೊಟ್ಟೆಗೆ ಬರೋಣ. ನಾರು ಅಂದರೆ ನಮ್ಮ ದೇಹ ಅರಗಿಸಿಕೊಳ್ಳಲಾಗದ ಸಸ್ಯದ ಭಾಗ. ಅರಗದೇ ಇರುವುದರಿಂದ ಏನು ಉಪಯೋಗ ಅಂತ ಬಹಳ ಕಾಲ ವೈದ್ಯರೂ ಅಂದುಕೊಂಡಿದ್ದರು. ಡೆನಿಸ್ ಬರ್ಕಿಟ್ ಅಂತ ಒಬ್ಬ ಐರಿಷ್ ಸರ್ಜನ್ ಇದ್ದರು. ಉಗಾಂಡಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅಲ್ಲಿನ ಹಳ್ಳಿಯವರು ತಿನ್ನುವುದು ನಾರು ತುಂಬಿದ ಊಟ, ಅವರಲ್ಲಿ ಮಲಬದ್ಧತೆ ಅಪರೂಪ, ಕರುಳಿನ ಎಷ್ಟೋ ಕಾಯಿಲೆಗಳೂ ಅಪರೂಪ. ಇಂಗ್ಲೆಂಡಿನವರಲ್ಲಿ ಎಲ್ಲವೂ ಉಲ್ಟಾ. 1970ರ ದಶಕದಲ್ಲಿ ಅವರು ಹೋದಲ್ಲೆಲ್ಲ ನಾರಿನ ವಿಷಯ ಹೇಳಿದರು. ಮಲದ ಗಾತ್ರ, ಎಷ್ಟು ಹೊತ್ತಿಗೆ ಹೊರಬರುತ್ತದೆ ಅನ್ನುವುದನ್ನೆಲ್ಲ ತುಂಬಿದ ಸಭೆಯಲ್ಲಿ ಒಂಚೂರೂ ಅಳುಕಿಲ್ಲದೆ ಮಾತಾಡಿದರು. ನನಗೆ ಅವರ ಮೇಲೆ ದೊಡ್ಡ ಗೌರವ. ನನ್ನ ಅಂಗಡಿಯಲ್ಲಿ ಜನ ಪಿಸುಗುಡುವಾಗೆಲ್ಲ ಅವರ ನೆನಪಾಗುತ್ತದೆ.

ನಾರಿನಲ್ಲೂ ಜಾತಿ ಬೇರೆ ಬೇರೆ. ಈಗ ಲೋಟ ನೋಡಿ. ಬೂಸಾ ತಳಕ್ಕೆ ಕೂತಿದೆ, ಮೇಲೆ ನೀರು ನೀರಾಗಿಯೇ ನಿಂತಿದೆ. ಅದು ಕರಗದ ನಾರು. ದೊಡ್ಡ ಕರುಳಿನ ಒಳಗೋಡೆಗೆ ಒರಟಾಗಿ ಉಜ್ಜಿಕೊಂಡು ಹೋಗುತ್ತದೆ, ಆ ಕಿರಿಕಿರಿಗೆ ಕರುಳು ನೀರು, ಲೋಳೆ ಬಿಡುತ್ತದೆ. ಅದರ ಕೆಲಸದ ರೀತಿ ಅದು. ಇಸಬ್ಗೋಲ್ ಲೋಟದಲ್ಲಿ ನೀರೇ ಕಾಣುತ್ತಿಲ್ಲ, ಅಲ್ವಾ? ಎಲ್ಲವೂ ಲೋಳೆ. ಸಿಪ್ಪೆಯಲ್ಲಿರುವ ಅರಾಬಿನೋಕ್ಸೈಲಾನ್ ಅನ್ನುವ ಕವಲು ಕವಲಾದ ಸಕ್ಕರೆ ಸರಪಳಿಗಳು ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡಿವೆ. ನಮ್ಮ ಜೀರ್ಣರಸಕ್ಕೆ ಅದನ್ನು ಒಡೆಯಲು ಆಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೂ ಹೆಚ್ಚೇನೂ ತಿನ್ನಲಾರವು. ಆದ್ದರಿಂದಲೇ ಬೇರೆ ಎಷ್ಟೋ ನಾರುಗಳಿಗಿಂತ ಇದರಲ್ಲಿ ಗ್ಯಾಸ್ ಕಡಿಮೆ. ಲೋಳೆ ಲೋಳೆಯಾಗಿಯೇ ಕೊನೆಯವರೆಗೆ ಹೋಗುತ್ತದೆ.

ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಮಲ ಅಲ್ಲಿ ಜಾಸ್ತಿ ಹೊತ್ತು ಉಳಿದಷ್ಟೂ ಒಣಗಿ ಗಟ್ಟಿಯಾಗುತ್ತದೆ. ಇಸಬ್ಗೋಲ್ ತಾನು ಹಿಡಿದ ನೀರನ್ನು ಕರುಳಿಗೆ ಬಿಟ್ಟುಕೊಡುವುದಿಲ್ಲ. ಮಲ ಮೆತ್ತಗಾಗುತ್ತದೆ, ತೂಕ ಬರುತ್ತದೆ, ಜಾರುತ್ತದೆ. ಇಷ್ಟೇ ಇದರ ಗುಟ್ಟು. ಕೆಲವರು ಕೇಳುತ್ತಾರೆ: 'ಬೇಧಿ ಆದಾಗಲೂ ಡಾಕ್ಟರು ಇದನ್ನೇ ಬರೆದಿದ್ದಾರಲ್ಲ, ತಪ್ಪಾಗಿದೆಯಾ?' ತಪ್ಪಾಗಿಲ್ಲ. ಬೇಧಿಯಲ್ಲಿ ನೀರು ಜಾಸ್ತಿ ಇರುತ್ತದೆ, ಇದು ಆ ನೀರನ್ನು ಹಿಡಿದು ಗಟ್ಟಿ ಮಾಡುತ್ತದೆ. ಒಂದೇ ಗುಣ, ಎರಡು ಕೆಲಸ.

ನಮ್ಮ ಚಿಕ್ಕಂದಿನಲ್ಲಿ ಹೊಟ್ಟೆ ತೊಳೆಯುವ ದಿನ ಅಂತ ಒಂದಿರುತ್ತಿತ್ತು. ರಜೆಯಲ್ಲಿ ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಅಜ್ಜಿ ಹರಳೆಣ್ಣೆ ಕುಡಿಸುತ್ತಿದ್ದರು. ಮೂಗು ಹಿಡಿದು, ಕಾಫಿಯ ಜೊತೆ. ಆಮೇಲೆ ಇಡೀ ದಿನ ಓಡಾಟ. ಹರಳೆಣ್ಣೆ, ಸೋನಾಮುಖಿ ಸೊಪ್ಪು ಇವೆಲ್ಲ ಕರುಳಿಗೆ ಚಾಟಿ ಬೀಸುವಂಥವು. ಇಸಬ್ಗೋಲ್ ಹಾಗಲ್ಲ. ಇವತ್ತು ರಾತ್ರಿ ತಗೊಂಡರೆ ನಾಳೆ ಬೆಳಿಗ್ಗೆಯೇ ಆಗಬೇಕು ಅಂತಿಲ್ಲ. 12 ಗಂಟೆಯಿಂದ 3 ದಿನದವರೆಗೂ ಹಿಡಿಯಬಹುದು. ಒಂದು ದಿನ ತಗೊಂಡು 'ಏನೂ ಆಗ್ಲಿಲ್ಲ' ಅಂತ ಸೋನಾಮುಖಿ ಪುಡಿ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಇದನ್ನೇ: ದಿನಾ ತಗೊಳ್ಳಿ, ಸ್ವಲ್ಪ ತಾಳಿ.

ಈಗ ನಾನು ಹೇಳಲೇಬೇಕಾದ ಒಂದು ಘಟನೆ. ಹತ್ತು ಹನ್ನೆರಡು ವರ್ಷದ ಹಿಂದೆ, ನಮ್ಮ ಬೀದಿಯ ಒಬ್ಬ ಅಜ್ಜ ಸಂಜೆ ಅಂಗಡಿಗೆ ಬಂದರು. ಜನ ಇದ್ದರು. ಅಜ್ಜ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ನಾನು ಪ್ಯಾಕೆಟ್ ಕೊಟ್ಟೆ, ದುಡ್ಡು ತಗೊಂಡೆ. ಅಷ್ಟೇ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಬೇಕಾಗುತ್ತೆ ಅಂತ ಆ ಅಜ್ಜ ಮಲಗುವ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಎರಡು ಚಮಚ ಇಸಬ್ಗೋಲನ್ನು ಅರ್ಧ ಲೋಟ ನೀರಿಗೆ ಹಾಕಿ, ಕಲಸಿ, ಹಲ್ಲಿನ ಸೆಟ್ ತೆಗೆದಿಟ್ಟು ಬಂದು ಕುಡಿದರು. ಅಷ್ಟರಲ್ಲಿ ಅದು ಗಟ್ಟಿಯಾಗಿತ್ತು. ಎದೆಯ ನಡುವೆ ಹಿಡಿದುಕೊಂಡಿತು. ಕೆಳಗೂ ಇಳಿಯಲಿಲ್ಲ, ಮೇಲೂ ಬರಲಿಲ್ಲ. ಅವರ ಸೊಸೆ ರಾತ್ರಿ ಹನ್ನೊಂದಕ್ಕೆ ನಮ್ಮ ಮನೆ ಬಾಗಿಲು ಬಡಿದರು. 'ಅಣ್ಣಾ, ನೀವು ಕೊಟ್ಟ ಪುಡಿ ಕುಡಿದ ಮೇಲೆ ಮಾವನಿಗೆ ಉಗುಳೂ ನುಂಗಕ್ಕೆ ಆಗ್ತಿಲ್ಲ' ಅಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಲಿಗೆ ಕೊಳವೆ ಇಳಿಸಿ ತೆಗೆದರು. ಅಜ್ಜ ಉಳಿದರು, ಆಮೇಲೂ ವರ್ಷಗಟ್ಟಲೆ ಚೆನ್ನಾಗಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಅನಿಸಿದ್ದು, ನಾನು ಅರ್ಧ ಔಷಧಿ ಕೊಟ್ಟು ಕಳಿಸಿದ್ದೆ ಅಂತ. ಉಳಿದರ್ಧ ನೀರು. ಅದನ್ನು ಬಾಯಿಮಾತಲ್ಲಿ ಕೊಡಬೇಕಿತ್ತು. ಅಂದಿನಿಂದ ನನ್ನ ಅಂಗಡಿಯಲ್ಲಿ ಯಾರಿಗೇ ಆಗಲಿ, ಪ್ಯಾಕೆಟ್ಟಿನ ಜೊತೆ ಆ ಮಾತು ಹೇಳದೆ ಕಳಿಸುವುದಿಲ್ಲ.

ಅಮೆರಿಕದಲ್ಲಿ ಈ ಡಬ್ಬಿಗಳ ಮೇಲೆ ಉಸಿರುಗಟ್ಟುವ ಅಪಾಯದ ಎಚ್ಚರಿಕೆ ಬರೆಯಲೇಬೇಕು ಅಂತ ಕಾನೂನಿದೆ. ಕನಿಷ್ಠ ಒಂದು ಪೂರ್ತಿ ಲೋಟ, ಅಂದರೆ 240 ಮಿಲಿಲೀಟರ್ ದ್ರವದ ಜೊತೆ ತಗೋಬೇಕು ಅಂತ ಬರೆದಿರುತ್ತದೆ. ನುಂಗಲು ಮೊದಲೇ ಕಷ್ಟ ಇರುವವರು, ಪಾರ್ಶ್ವವಾಯು ಆದವರು, ಅನ್ನನಾಳ ಅಥವಾ ಕರುಳು ಕಿರಿದಾಗಿದೆ ಅಂತ ಹೇಳಿಸಿಕೊಂಡವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಹಾಸಿಗೆ ಹಿಡಿದವರಿಗೆ ಮಲಗಿಸಿಕೊಂಡೇ ಕುಡಿಸುವುದಂತೂ ಬೇಡವೇ ಬೇಡ.

ಅಮೆರಿಕದ ಮಾತು ಬಂತಲ್ಲ, ಒಂದು ವಿಷಯ ಹೇಳುತ್ತೇನೆ. ನಮ್ಮ ಪರಿಚಯದ ಒಬ್ಬರಿಗೆ ಮಗಳು ಅಲ್ಲಿಂದ ಕಿತ್ತಳೆ ರುಚಿಯ ಪುಡಿ ತಂದುಕೊಟ್ಟಿದ್ದಳು. ಕೊಲೆಸ್ಟರಾಲ್‌ಗೆ ಒಳ್ಳೇದು ಅಂತ. ಅವರು ಡಬ್ಬಿ ತಂದು ನನಗೆ ತೋರಿಸಿದರು. ತಿರುಗಿಸಿ ನೋಡಿದರೆ ಸಿಲಿಯಂ ಹಸ್ಕ್. ಊಂಝಾದ ಕಡೆಯ ಹೊಲದಿಂದ ಸಮುದ್ರ ದಾಟಿ, ಕಿತ್ತಳೆ ಬಣ್ಣ ಬಳಿದುಕೊಂಡು, ವಿಮಾನದಲ್ಲಿ ದಾವಣಗೆರೆಗೆ ಬಂದಿರಬಹುದು ಅದು. ಅಲ್ಲಿ ಮೆಟಾಮ್ಯೂಸಿಲ್ ಅನ್ನುವ ಹೆಸರಿನಲ್ಲಿ 1934ರಿಂದಲೇ ಇದು ಮಾರಾಟವಾಗುತ್ತಿದೆ. ಆ ಮಗಳು ಹೇಳಿದ್ದು ಸುಳ್ಳಲ್ಲ. ಪಿತ್ತರಸವನ್ನು ಲಿವರ್ ಮಾಡುವುದು ಕೊಲೆಸ್ಟರಾಲಿನಿಂದ. ಊಟ ಅರಗಿದ ಮೇಲೆ ದೇಹ ಆ ಪಿತ್ತವನ್ನು ವಾಪಸ್ ಎಳೆದುಕೊಂಡು ಮತ್ತೆ ಬಳಸುತ್ತದೆ. ಇಸಬ್ಗೋಲಿನ ಲೋಳೆ ಅದರಲ್ಲಿ ಒಂದಿಷ್ಟನ್ನು ಹಿಡಿದು ಹೊರಗೆ ಒಯ್ಯುತ್ತದೆ. ಲಿವರ್ ಹೊಸ ಪಿತ್ತ ಮಾಡಬೇಕಾಗುತ್ತದೆ, ಅದಕ್ಕೆ ರಕ್ತದ ಕೊಲೆಸ್ಟರಾಲನ್ನು ತೆಗೆದುಕೊಳ್ಳುತ್ತದೆ. ಕೆಟ್ಟ ಕೊಲೆಸ್ಟರಾಲ್ ಸುಮಾರು ಶೇ. 5ರಿಂದ 10ರಷ್ಟು ಇಳಿಯುತ್ತದೆ. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ದಿನಕ್ಕೆ 7 ಗ್ರಾಂ ಕರಗುವ ನಾರು ಸಿಗುವಷ್ಟು ಇಸಬ್ಗೋಲ್ ಹೃದಯಕ್ಕೆ ಒಳ್ಳೆಯದು ಅಂತ ಆಹಾರದ ಪೊಟ್ಟಣದ ಮೇಲೆ ಬರೆಯಲು ಒಪ್ಪಿತು. ಅಂದರೆ ದಿನಕ್ಕೆ ಸುಮಾರು 10 ಗ್ರಾಂ ಸಿಪ್ಪೆ. ಊಟದ ಜೊತೆ ತಗೊಂಡರೆ ರಕ್ತಕ್ಕೆ ಸಕ್ಕರೆ ಏರುವುದೂ ನಿಧಾನವಾಗುತ್ತದೆ. ಆದರೆ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಇದನ್ನು ಹಿಡಿಯುವುದು ತಪ್ಪು. ಇನ್ನು ಆ ಕಿತ್ತಳೆ ರುಚಿಯ ಡಬ್ಬಿಗಳಲ್ಲಿ ಕೆಲವಕ್ಕೆ ಸಕ್ಕರೆ ಸೇರಿಸಿರುತ್ತಾರೆ. ಶುಗರ್ ಇರುವವರು ಹಿಂದಿನ ಚೀಟಿ ಓದಿ. ನನ್ನ ಕೇಳಿದರೆ, ಸಾದಾ ಬಿಳಿ ಸಿಪ್ಪೆಯೇ ಸಾಕು.

ಇದನ್ನು ಮಾರುವವನಾಗಿಯೂ ಒಂದು ಮಾತು ಹೇಳುತ್ತೇನೆ. ಇದು ಊಟಕ್ಕೆ ಬದಲಿ ಅಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು, ಅದು ಆಹಾರದಿಂದಲೇ ಬರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಊರಲ್ಲಿ ಬೆಳಿಗ್ಗೆ ಬೆಣ್ಣೆದೋಸೆ, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ನನಗೂ ಇಷ್ಟವೇ. ಆದರೆ ಇದರಲ್ಲಿ ನಾರು ಎಲ್ಲಿದೆ ಹೇಳಿ? 100 ಗ್ರಾಂ ಬಿಳಿ ಅಕ್ಕಿಯಲ್ಲಿ 3 ಗ್ರಾಂ ನಾರೂ ಇಲ್ಲ. ಅಷ್ಟೇ ರಾಗಿಯಲ್ಲಿ 11 ಗ್ರಾಂ ಇದೆ. ಒಂದು ಸೀಬೆಹಣ್ಣು, ಒಂದು ಹಿಡಿ ಮೊಳಕೆ ಕಾಳು, ಸೊಪ್ಪಿನ ಪಲ್ಯ, ಇವು ಮೊದಲು. ಬೀಜವೇ ಬೇಕಾದರೆ ನಮ್ಮ ಅಡುಗೆಮನೆಯಲ್ಲಿ ಏನು ಕಡಿಮೆ ಇದೆಯಾ? ರಾತ್ರಿ ನೆನೆಸಿದ ಮೆಂತ್ಯ ಬೆಳಿಗ್ಗೆ ಕೈಗೆ ಜಾರುವುದು ಇದೇ ಥರದ ಲೋಳೆಯಿಂದ. ಕಾಮಕಸ್ತೂರಿ ಬೀಜ ಶರಬತ್ತಿನಲ್ಲಿ ಕಪ್ಪೆಮೊಟ್ಟೆಯ ಹಾಗೆ ಉಬ್ಬುವುದೂ ಅದರಿಂದಲೇ. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ತಿನ್ನುವ ಅಗಸೆ ಚಟ್ನಿಪುಡಿಯಂತೂ ಬಹಳ ಜಾಣ ತಿಂಡಿ. ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಬಂದುಬಿಡುತ್ತದೆ. ಹುರಿದು ಕುಟ್ಟಿ ಪುಡಿ ಮಾಡಿದರೇ ಅದರ ಸಾರ ಸಿಗುವುದು. ಇದನ್ನು ಆ ಕಡೆಯ ಹೆಂಗಸರು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಇದೆ, ಇದನ್ನು ಯಾವಾಗ ತಗೊಳ್ಳೋದು? ಒಳ್ಳೆಯ ಪ್ರಶ್ನೆ. ನೀರು, ಪಿತ್ತ ಹಿಡಿಯುವ ಲೋಳೆ ಮಾತ್ರೆಯನ್ನೂ ಹಿಡಿಯಬಲ್ಲದು. ಯಾವ ಮಾತ್ರೆಗಾದರೂ ಕನಿಷ್ಠ 2 ಗಂಟೆ ಅಂತರ ಇರಲಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಇದ್ದರೆ ಇಸಬ್ಗೋಲ್ ಸಂಜೆಗೆ ಇಟ್ಟುಕೊಳ್ಳಿ. ಇನ್ನೊಬ್ಬರು ಕೇಳಿದ್ದಾರೆ: ಅಭ್ಯಾಸ ಆಗಿಬಿಡುತ್ತಾ? ಚಾಟಿ ಬೀಸುವ ಔಷಧಿಗಳ ಬಗ್ಗೆ ಇರುವ ಆ ಭಯ ಇದಕ್ಕೆ ಬೇಡ. ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವಯಸ್ಸು 50 ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೊಟ್ಟೆಯ ರೂಢಿ ಬದಲಾದರೆ, ಹೊಟ್ಟೆನೋವಿನ ಜೊತೆ ವಾಂತಿ ಇದ್ದರೆ ನನ್ನ ಅಂಗಡಿಗೆ ಬರಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ.

ಈಗ ಈ ಲೋಟ. ಓರೆ ಮಾಡುತ್ತೇನೆ ನೋಡಿ. ಹರಿಯುತ್ತಿಲ್ಲ. ಚಮಚ ನೆಟ್ಟರೆ ನಿಲ್ಲುತ್ತದೆ. ಆ ಅಜ್ಜ ಕುಡಿದದ್ದೂ ಅರ್ಧ ಲೋಟವೇ. ಈಗ ಇನ್ನೊಂದು ಲೋಟ ತಗೊಳ್ಳುತ್ತೇನೆ, ದೊಡ್ಡದು, ಬಾಯಿತನಕ ನೀರು. ಮೊದಲ ಸಲ ಶುರು ಮಾಡುವವರಿಗೆ ಒಂದು ಸಣ್ಣ ಚಮಚ ಸಾಕು. ಹಾಕಿದೆ, ಕಲಸಿದೆ. ಇಡಬಾರದು, ಮಾತಾಡುತ್ತಾ ನಿಲ್ಲಬಾರದು, ಹಲ್ಲಿನ ಸೆಟ್ ತೆಗೆಯಲು ಹೋಗಬಾರದು. ಕೂತುಕೊಂಡು ಈಗಲೇ ಕುಡಿಯಬೇಕು. ಕುಡಿದೆ. ಇದರ ಮೇಲೆ ಇನ್ನೊಂದು ಲೋಟ ಬರೀ ನೀರು. ಆಮೇಲೆ ತಕ್ಷಣ ಮಲಗಬಾರದು, ಸ್ವಲ್ಪ ಓಡಾಡಿ.

ಬೀಜದ ತಟ್ಟೆ ವಾಪಸ್ ಬಂದಿದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಇಡುತ್ತೇನೆ, ಪಕ್ಕದಲ್ಲಿ ಒಂದು ಬಟ್ಟಲು ನೀರು. ಹೋಗುವಾಗ ನಾಲ್ಕು ಬೀಜ ಅಂಗೈ ಮೇಲೆ ಹಾಕಿಕೊಂಡು, ಎರಡು ಹನಿ ನೀರು ಬಿಟ್ಟುಕೊಂಡು, ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು ನೋಡಿ.